ವೆಲ್ಡಿಂಗ್ ಮಷೀನಿಗೆ ಧೂಳಿನ ಕಾಟ



ಕಲಬುರಗಿಯಿಂದ ಹುಮನಾಬಾದ ಕಡೆಗೆ ಹೊರಟರೆ ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರ ಸಿಗುತ್ತದೆ. ಈ ಸೀಮೆಯಲ್ಲಿ ತೊಗರಿ ರಾಶಿಯ ದಿನ, ಮುಗಿಲಲ್ಲಿ ಮೋಡ, ರಾಶಿ ಮಷೀನಿನ ಪಟ್ಟಿ ಮುರಿದಿದೆ ಎನ್ನಿ. ವರ್ಕ್‌ಶಾಪಿಗೆ ಓಡಿದರೆ ಹುಡುಗ ಹೇಳುತ್ತಾನೆ: “ಕಾಕಾ, ವೆಲ್ಡಿಂಗ್ ಮಷೀನೇ ಸುಟ್ಟು ಹೋಗ್ಯಾದ್ರಿ, ರಿಪೇರಿಗೆ ಕಲಬುರಗಿಗೆ ಕಳಿಸೀನಿ.” ಆಗ ಹೊಲದಲ್ಲಿರುವ ಬಣವಿಯ ಗತಿ ಏನು?

ವರ್ಕ್‌ಶಾಪು ನಮ್ಮದಲ್ಲವಲ್ಲ ಅನ್ನಬೇಡಿ. ಈಗ ಎಷ್ಟೋ ರೈತರ ಮನೆಯ ಹುಡುಗರು ಕೊಟ್ಟಿಗೆಯ ಪಕ್ಕದಲ್ಲೇ ತಗಡಿನ ಶೆಡ್ ಹಾಕಿಕೊಂಡು ಕುಂಟೆ, ಟ್ರೇಲರ್ ಬೆಸೆಯುತ್ತಿದ್ದಾರೆ.

ಮಷೀನು ಸುಟ್ಟರೆ ಎಲ್ಲರೂ ಕರೆಂಟಿಗೆ ಬೈಯುತ್ತಾರೆ. ಅದೂ ಖರೆ. ಆದರೆ ಇನ್ನೊಬ್ಬ ಕಳ್ಳ ಶೆಡ್ಡಿನ ಒಳಗೇ ಇದ್ದಾನೆ: ಗ್ರೈಂಡರಿನಿಂದ ಹಾರುವ ಕಬ್ಬಿಣದ ಪುಡಿ. ಹಳೆಯ ಭಾರವಾದ ಟ್ರಾನ್ಸ್‌ಫಾರ್ಮರ್ ಮಷೀನುಗಳು ಧೂಳನ್ನು ಸಾಕಷ್ಟು ತಡೆದುಕೊಳ್ಳುತ್ತವೆ. ಒಂದೇ ಕೈಯಲ್ಲಿ ಎತ್ತುವ ಈಗಿನ ಇನ್ವರ್ಟರ್ ಮಷೀನಿನ ಒಳಗಾದರೋ ರೇಡಿಯೋದಲ್ಲಿರುವಂಥ ನಾಜೂಕಾದ ಭಾಗಗಳು, ಅವನ್ನು ತಂಪು ಮಾಡಲು ಒಂದು ಫ್ಯಾನು. ಫ್ಯಾನು ಗಾಳಿಯ ಜೊತೆಗೆ ಧೂಳನ್ನೂ ಎಳೆಯುತ್ತದೆ. ಎರೆಮಣ್ಣಿನ ಧೂಳು, ತೊಗರಿ ಹೊಟ್ಟು ಒಳಗೆ ಕಂಬಳಿಯಂತೆ ಕೂತು ಕಾವು ಹೊರಬೀಳಲು ಬಿಡುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ಇದು ಸಣ್ಣ ಮಾತಲ್ಲ. ಕಬ್ಬಿಣದ ಪುಡಿ ಇನ್ನೂ ಕೆಟ್ಟದ್ದು, ಯಾಕಂದರೆ ಅದರಲ್ಲಿ ಕರೆಂಟು ಹರಿಯುತ್ತದೆ. ಎರಡು ತಂತಿಗಳ ನಡುವೆ ಸೇತುವೆಯಾಗಿ ಕೂತರೆ ಶಾರ್ಟ್ ಆಗಿ ಢಬ್ ಎಂದಿತು. ಮಳೆಗಾಲದ ತೇವ ಸೇರಿದರಂತೂ ಕೇಳಲೇಬೇಡಿ.

ನಂಬಿಕೆ ಬಾರದಿದ್ದರೆ ಹಳೇ ಸ್ಪೀಕರಿನ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಶೆಡ್ಡಿನ ನೆಲದ ಮೇಲೆ ಎಳೆದು ನೋಡಿ. ಮೀಸೆ ಬೆಳೆದಂತೆ ಕರಿ ಪುಡಿ ಅಂಟುತ್ತದೆ.

ಹಾಗಾದರೆ ಮಾಡುವುದೇನು? ಮಷೀನಿಗೆ ಗೋಣಿಚೀಲ ಹೊದಿಸಿಯೇ ಕೆಲಸ ಮಾಡುವವರಿದ್ದಾರೆ. ಬ್ಯಾಡ್ರಿ! ಉಸಿರು ಕಟ್ಟಿ ಅದು ಇನ್ನೂ ಬೇಗ ಸುಡುತ್ತದೆ. ಕೆಲಸ ಮುಗಿದು ತಣ್ಣಗಾದ ಮೇಲೆ ಹೊದಿಸಿ. ಬೆಸುಗೆ ನಿಲ್ಲಿಸಿದರೂ ಬಹಳ ಮಷೀನುಗಳಲ್ಲಿ ಫ್ಯಾನು ತಿರುಗುತ್ತಲೇ ಇರುತ್ತದೆ. ಆದ್ದರಿಂದ ಐದು ನಿಮಿಷ ತಂಪಾಗಲು ಬಿಟ್ಟು, ಮಷೀನು ಬಂದ್ ಮಾಡಿ, ಆಮೇಲೆ ಗ್ರೈಂಡರ್ ಹಿಡಿಯಿರಿ. ಎಲ್ಲಕ್ಕಿಂತ ದೊಡ್ಡ ಉಪಾಯ ಇದೇ, ಖರ್ಚಿಲ್ಲದ್ದು. ತಿಕ್ಕುವ ಜಾಗ ಹತ್ತು ಅಡಿಯಾದರೂ ದೂರವಿರಲಿ, ಕಿಡಿ ಮಷೀನಿನ ಕಡೆಗೆ ಹಾರದಿರಲಿ. ಮಷೀನನ್ನು ನೆಲದ ಮೇಲಿಡದೆ ಮೊಣಕಾಲೆತ್ತರದ ಹಲಗೆಯ ಮೇಲಿಡಿ. ಕಸ ಗುಡಿಸುವ ತಾಯಂದಿರೇ, ಮೊದಲು ಮಷೀನನ್ನು ಆಚೆ ಎತ್ತಿಡಿಸಿ, ನೀರು ಚಿಮುಕಿಸಿ, ನಂತರ ಗುಡಿಸಿರಿ.

ಆಗಾಗ ಪ್ಲಗ್ ಕಿತ್ತು ಹೊರಗಿನ ಕಿಂಡಿಗಳ ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಡಬ್ಬಿ ಬಿಚ್ಚಿ ಒಣ ಗಾಳಿಯಿಂದ ಮೆಲ್ಲಗೆ ಊದುವುದು ತಿಳಿದವರ ಕೆಲಸ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟು ಕೆಲಹೊತ್ತು ಉಳಿದಿರುತ್ತದೆ. ಮುಟ್ಟಿದರೆ ಜೀವಕ್ಕೇ ಅಪಾಯ. ಈ ಕೆಲಸವನ್ನು ದೀಪಾವಳಿಯ ಹೊತ್ತಿಗೆ, ರಾಶಿ ಶುರುವಾಗುವ ಮುಂಚೆಯೇ ಮಾಡಿಸಿಕೊಂಡು ಬನ್ನಿರಿ.