ಸಾಮೂಹಿಕ ದತ್ತಾಂಶ ಕಾರ್ಯದಲ್ಲಿ ಆವೃತ್ತಿ ನಿಯಂತ್ರಣ: ಗಡಿನಾಡಿನ ಕನ್ನಡ ಶಿಕ್ಷಕರಿಗೆ ಒಂದು ಪರಿಚಯ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ಜಹೀರಾಬಾದ್ ತಾಲ್ಲೂಕಿನ ಬಹುಭಾಗ ಹಾಗೂ ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲ್ಲೂಕು ಆಂಧ್ರ ಪ್ರದೇಶಕ್ಕೆ ಸೇರಿದವು. ಈಗ ಜಹೀರಾಬಾದ್ ಮತ್ತು ನಾರಾಯಣಖೇಡ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿಯೂ ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿಯೂ ಇವೆ. ಗಡಿರೇಖೆ ಸರಿದರೂ ಅನೇಕ ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು. ಇಲ್ಲಿನ ಕನ್ನಡ ಮಾಧ್ಯಮ ಶಿಕ್ಷಕರ ಮೇಜಿನ ಮೇಲೆ ಮೂರು ಭಾಷೆಗಳು ಸಂಧಿಸುತ್ತವೆ: ಆಡಳಿತದ ತೆಲುಗು, ತಾಂತ್ರಿಕ ಪದಗಳ ಇಂಗ್ಲಿಷ್, ಪಾಠದ ಕನ್ನಡ. ಆದ್ದರಿಂದ ಪಾರಿಭಾಷಿಕ ಪದಪಟ್ಟಿ, ಪ್ರಶ್ನೆಕೋಶ, ಕಲಿಕಾ ಫಲಿತಾಂಶದ ಕೋಷ್ಟಕ ಮುಂತಾದವನ್ನು ಶಿಕ್ಷಕರೇ ಕೂಡಿ ಸಿದ್ಧಪಡಿಸಬೇಕಾದ ಸಂದರ್ಭಗಳು ಬರುತ್ತವೆ. ಇವೆಲ್ಲವೂ ದತ್ತಾಂಶಗಳೇ. ಇವನ್ನು ದೂರದೂರದ ಊರುಗಳಲ್ಲಿರುವ ಹಲವರು ಕೆಡದಂತೆ ತಿದ್ದುವ ಕ್ರಮವೇ ಆವೃತ್ತಿ ನಿಯಂತ್ರಣ.

ತೊಡಕು ಎಲ್ಲಿದೆ?

ಒಂದು ಕಲ್ಪಿತ ಉದಾಹರಣೆಯನ್ನು ಗಮನಿಸಬಹುದು. ಮೂರು ಊರುಗಳ ಮೂವರು ಶಿಕ್ಷಕರು ಗಣಿತದ ತ್ರಿಭಾಷಾ ಪದಪಟ್ಟಿಯೊಂದನ್ನು ರಚಿಸುತ್ತಿದ್ದಾರೆ. ಕಡತವು ವಾಟ್ಸ್‌ಆಪ್‌ನಲ್ಲಿ ಓಡಾಡುತ್ತದೆ. ಕೆಲವೇ ದಿನಗಳಲ್ಲಿ ‘ಪದಪಟ್ಟಿ ಅಂತಿಮ’, ‘ಪದಪಟ್ಟಿ ಅಂತಿಮ ಹೊಸದು’, ‘ನಿಜವಾದ ಅಂತಿಮ’ ಎಂಬ ಮೂರು ಪ್ರತಿಗಳು ಹುಟ್ಟಿಕೊಳ್ಳುತ್ತವೆ. ಯಾವುದರಲ್ಲಿ ಯಾರ ತಿದ್ದುಪಡಿ ಇದೆ ಎಂಬುದು ಯಾರಿಗೂ ತಿಳಿಯದು.

ಇದು ಕೇವಲ ಅನನುಕೂಲದ ಪ್ರಶ್ನೆಯಲ್ಲ. ಕನ್ನಡದಲ್ಲಿ ‘ಭಾಗಲಬ್ಧ ಸಂಖ್ಯೆ’ ಎನ್ನುವುದನ್ನು ತೆಲುಗಿನಲ್ಲಿ ‘ಅಕರಣೀಯ ಸಂಖ್ಯ’ ಎನ್ನುತ್ತಾರೆ. ಕನ್ನಡದ ‘ಅಭಾಗಲಬ್ಧ’ವು ತೆಲುಗಿನಲ್ಲಿ ‘ಕರಣೀಯ’. ನಿಷೇಧಾರ್ಥದ ‘ಅ’ಕಾರವು ಎರಡು ಭಾಷೆಗಳಲ್ಲಿ ಎದುರುಬದುರಾಗಿ ನಿಂತಿದೆ. ಪಟ್ಟಿಯನ್ನು ಅವಸರದಲ್ಲಿ ನೋಡಿದವರು ‘ಅ’ಕಾರಕ್ಕೆ ‘ಅ’ಕಾರ ಹೊಂದಬೇಕೆಂದು ಭಾವಿಸಿ ಎರಡು ಸಾಲುಗಳನ್ನು ಅದಲುಬದಲು ಮಾಡಿದರೆ, ಸರಿಯಾಗಿದ್ದುದು ತಪ್ಪಾಗುತ್ತದೆ. ಆ ಪಟ್ಟಿಯನ್ನು ನಂಬಿ ಭಾಷಾಂತರಿಸಿದ ಪ್ರಶ್ನೆಪತ್ರಿಕೆಯಲ್ಲಿ ಮಗುವಿನ ಸರಿಯುತ್ತರಕ್ಕೂ ಅಂಕ ಸಿಗದು. ತಪ್ಪು ಯಾವಾಗ ಒಳಬಂದಿತು, ಹಿಂದೆ ಏನಿತ್ತು ಎಂಬ ದಾಖಲೆ ಇಲ್ಲದಿದ್ದರೆ ಅದನ್ನು ಪತ್ತೆಹಚ್ಚುವುದೇ ಕಷ್ಟ.

ರಿಜಿಸ್ಟರಿನ ನೀತಿ

ಶಿಕ್ಷಕರಿಗೆ ಈ ತತ್ತ್ವವು ಹೊಸದೇನಲ್ಲ. ಶಾಲಾ ದಾಖಲಾತಿ ರಿಜಿಸ್ಟರಿನಲ್ಲಿ ಬರೆದುದನ್ನು ಅಳಿಸುವಂತಿಲ್ಲ. ಓದಲು ಬರುವಂತೆ ಒಂದು ಗೆರೆ ಎಳೆದು, ಸರಿಯಾದುದನ್ನು ಬರೆದು, ದಿನಾಂಕದೊಡನೆ ಸಹಿ ಮಾಡಬೇಕು. ತಿದ್ದುಪಡಿ ಅಪರಾಧವಲ್ಲ, ಗುರುತಿಲ್ಲದ ತಿದ್ದುಪಡಿಯೇ ಅಪರಾಧ ಎಂಬುದು ಇದರ ಸಾರ. ಆವೃತ್ತಿ ನಿಯಂತ್ರಣವು ಇದೇ ನೀತಿಯನ್ನು ಗಣಕದ ಕಡತಗಳಿಗೆ ಅನ್ವಯಿಸುತ್ತದೆ.

ಇಂದು ಅತಿ ಹೆಚ್ಚು ಬಳಕೆಯಲ್ಲಿರುವ ಸಾಧನ ಗಿಟ್. ಇದನ್ನು 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರು, ಜಗತ್ತಿನ ನಾನಾ ಕಡೆಗಳಿಂದ ಸಹಸ್ರಾರು ಜನರು ತಿದ್ದುವ ಲಿನಕ್ಸ್ ತಂತ್ರಾಂಶದ ನಿರ್ವಹಣೆಗಾಗಿ ರಚಿಸಿದರು. ಇದರ ವೈಶಿಷ್ಟ್ಯವೆಂದರೆ ಪ್ರತಿಯೊಬ್ಬರ ಗಣಕದಲ್ಲಿಯೂ ಕಡತಗಳ ಜೊತೆಗೆ ಅವುಗಳ ಸಮಗ್ರ ಇತಿಹಾಸವೂ ಇರುತ್ತದೆ. ಅಂತರಜಾಲವಿಲ್ಲದ ಊರಿನಲ್ಲಿಯೂ ಕೆಲಸ ಮುಂದುವರಿಸಿ, ಸಂಪರ್ಕ ದೊರೆತಾಗ ಹಂಚಿಕೊಳ್ಳಬಹುದು. ಒಬ್ಬರ ಗಣಕ ಕೆಟ್ಟರೂ, ಒಬ್ಬರಿಗೆ ವರ್ಗಾವಣೆಯಾದರೂ, ಹಂಚಿಕೊಂಡಷ್ಟು ಕೆಲಸವು ಉಳಿದವರಲ್ಲಿ ಪೂರ್ಣವಾಗಿ ಉಳಿಯುತ್ತದೆ. ಕೆಲವೇ ಶಿಕ್ಷಕರನ್ನು ಅವಲಂಬಿಸಿರುವ ಅಲ್ಪಸಂಖ್ಯಾತ ಭಾಷೆಯ ಶಾಲೆಗಳಿಗೆ ಇದು ಸಣ್ಣ ಲಾಭವಲ್ಲ.

ಮುಖ್ಯ ಪರಿಕಲ್ಪನೆಗಳು

ಕಡತಗಳೂ ಅವುಗಳ ಇತಿಹಾಸವೂ ಕೂಡಿರುವ ಸಂಗ್ರಹಕ್ಕೆ ರೆಪೊಸಿಟರಿ ಎಂದು ಹೆಸರು. ಒಂದು ಉದ್ದೇಶಕ್ಕಾಗಿ ಮಾಡಿದ ತಿದ್ದುಪಡಿಯನ್ನು ಹೆಸರು, ಸಮಯ ಮತ್ತು ಟಿಪ್ಪಣಿಯೊಂದಿಗೆ ದಾಖಲಿಸುವುದು ಕಮಿಟ್. ಟಿಪ್ಪಣಿಯು ‘ತಿದ್ದಲಾಗಿದೆ’ ಎಂದಷ್ಟೇ ಇದ್ದರೆ ನಿಷ್ಪ್ರಯೋಜಕ, ‘ಕರಣೀಯ, ಅಕರಣೀಯ ಸಾಲುಗಳು ಅದಲುಬದಲಾಗಿದ್ದವು, ಹತ್ತನೆಯ ತರಗತಿಯ ತೆಲುಗು ಪಠ್ಯದೊಡನೆ ಹೋಲಿಸಿ ಸರಿಪಡಿಸಲಾಗಿದೆ’ ಎಂದಿದ್ದರೆ ಮುಂದಿನವರಿಗೆ ಕಾರಣವೂ ತಿಳಿಯುತ್ತದೆ. ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸವನ್ನು ಸಾಲುಸಾಲಾಗಿ ತೋರಿಸುವುದು ಡಿಫ್. ಮೂಲವನ್ನು ಕದಲಿಸದೆ ಪ್ರತ್ಯೇಕವಾಗಿ ಪ್ರಯೋಗ ಮಾಡುವ ಕವಲು ಬ್ರಾಂಚ್; ಕವಲಿನ ಕೆಲಸವನ್ನು ಮೂಲಕ್ಕೆ ಸೇರಿಸುವುದು ಮರ್ಜ್. ಸೇರಿಸುವ ಮುನ್ನ ಸಹೋದ್ಯೋಗಿಗಳು ಪರಿಶೀಲಿಸುವಂತೆ ಕೋರುವ ಮನವಿಗೆ ಪುಲ್ ರಿಕ್ವೆಸ್ಟ್ ಎನ್ನುತ್ತಾರೆ. ಗಿಟ್‌ಹಬ್‌ನಂತಹ ತಾಣಗಳು ಇದಕ್ಕೆ ಅವಕಾಶ ಕಲ್ಪಿಸುತ್ತವೆ.

ಭಿನ್ನಾಭಿಪ್ರಾಯಕ್ಕೆ ಸ್ಥಾನ

ಒಂದೇ ಸಾಲನ್ನು ಇಬ್ಬರು ಬೇರೆಬೇರೆಯಾಗಿ ತಿದ್ದಿದಾಗ ಗಿಟ್ ತಾನೇ ತೀರ್ಮಾನಿಸುವುದಿಲ್ಲ. ಎರಡೂ ಪಾಠಗಳನ್ನು ಮುಂದಿಟ್ಟು ನಿಲ್ಲುತ್ತದೆ. ಇದನ್ನು ಕಾನ್‌ಫ್ಲಿಕ್ಟ್ ಎಂದು ಕರೆಯುತ್ತಾರೆ. ಮೇಲಿನ ಪದಪಟ್ಟಿಯಲ್ಲಿ ಮಕ್ಕಳ ಆಡುಮಾತಿಗೂ ಒಂದು ಅಂಕಣವಿದೆ ಎಂದಿಟ್ಟುಕೊಳ್ಳೋಣ. ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ತಾಂಡೂರಿನ ಶಿಕ್ಷಕಿ, ಕೆಲವು ಮಕ್ಕಳು ತೊಗರಿಯನ್ನು ತೆಲುಗಿನ ‘ಕಂದುಲು’ ಎಂಬ ಹೆಸರಿನಿಂದಲೇ ಬಲ್ಲರೆಂದು ಆ ಪದವನ್ನು ದಾಖಲಿಸುತ್ತಾರೆ. ನಾರಾಯಣಖೇಡದ ಶಿಕ್ಷಕರು ಅದು ಕನ್ನಡವಲ್ಲವೆಂದು ತೆಗೆದುಹಾಕುತ್ತಾರೆ. ಸಾಮಾನ್ಯ ಕಡತದಲ್ಲಾದರೆ ಕೊನೆಗೆ ಕೈಯಿಟ್ಟವರ ಮಾತೇ ಗೆಲ್ಲುತ್ತಿತ್ತು. ಮಗುವಿನ ಮಾತು ಸದ್ದಿಲ್ಲದೆ ಕಣ್ಮರೆಯಾಗುತ್ತಿತ್ತು. ಇಲ್ಲಿ ಚರ್ಚೆ ಅನಿವಾರ್ಯ. ಪ್ರಮಾಣಪದಕ್ಕೆ ಒಂದು ಅಂಕಣ, ಪರಿಸರದ ಪದಕ್ಕೆ ಇನ್ನೊಂದು ಎಂಬ ನಿರ್ಣಯವಾದರೆ, ನಿರ್ಣಯವೂ ಅದರ ಕಾರಣವೂ ಇತಿಹಾಸದಲ್ಲಿ ಉಳಿಯುತ್ತವೆ. ಆವೃತ್ತಿ ನಿಯಂತ್ರಣದ ನಿಜವಾದ ಬೆಲೆ ಇರುವುದು ಇಲ್ಲಿಯೇ: ಅದು ಯಾರ ಮಾತನ್ನೂ ಗುರುತಿಲ್ಲದಂತೆ ಅಳಿಸಲು ಬಿಡುವುದಿಲ್ಲ.

ಕನ್ನಡ ದತ್ತಾಂಶಕ್ಕೆ ವಿಶೇಷ ಎಚ್ಚರಿಕೆಗಳು

ಮೊದಲನೆಯದಾಗಿ, ಪಠ್ಯವೆಲ್ಲ ಯೂನಿಕೋಡ್‌ನಲ್ಲಿರಬೇಕು. ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತದ ಡಿಫ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ.

ಎರಡನೆಯದಾಗಿ, ಕೋಷ್ಟಕವನ್ನು ಎಕ್ಸೆಲ್ ಕಡತವಾಗಿ ಇಡುವುದಕ್ಕಿಂತ ಸಿಎಸ್‌ವಿ ಎಂಬ ಸರಳ ಪಠ್ಯರೂಪದಲ್ಲಿಟ್ಟು, ಪದಕ್ಕೊಂದು ಸಾಲು, ಸಾಲಿಗೊಂದು ಸ್ಥಿರವಾದ ಕ್ರಮಸಂಖ್ಯೆ ನೀಡಬೇಕು. ಆಗ ಮಾತ್ರ ಸಾಲುಸಾಲಿನ ಹೋಲಿಕೆ ಸಾಧ್ಯ.

ಮೂರನೆಯದಾಗಿ, ಕಣ್ಣಿಗೆ ಒಂದೇ ಆಗಿ ಕಾಣುವುದು ಗಣಕಕ್ಕೆ ಒಂದೇ ಅಲ್ಲ. ‘ಕೊ’ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ದಾಖಲಿಸಲು ಸಾಧ್ಯ. ಕನ್ನಡದ ಸೊನ್ನೆ ಅಂಕಿಯ ಬದಲು ಅನುಸ್ವಾರವನ್ನು ಟೈಪಿಸುವುದು ಇನ್ನೊಂದು ದೋಷ. ಹಾಗೆ ಬರೆದ ‘ಹತ್ತು’ ಗಣಕಕ್ಕೆ ಸಂಖ್ಯೆಯೇ ಅಲ್ಲ, ಮೊತ್ತದಲ್ಲಿ ಸೇರುವುದೂ ಇಲ್ಲ. ಅಂಕಿಗಳನ್ನು ಯಾವ ಲಿಪಿಯಲ್ಲಿ ಬರೆಯಬೇಕೆಂಬುದನ್ನು ತಂಡವು ಆರಂಭದಲ್ಲಿಯೇ ನಿರ್ಧರಿಸಬೇಕು.

ನಾಲ್ಕನೆಯದು ಅತಿ ಮುಖ್ಯ. ಇತಿಹಾಸವನ್ನು ಉಳಿಸುವ ಸಾಧನವು ಉಳಿಸಬಾರದುದನ್ನೂ ಉಳಿಸುತ್ತದೆ. ಮಕ್ಕಳ ಹೆಸರು, ಜಾತಿ, ಆಧಾರ್ ಸಂಖ್ಯೆ, ಪೋಷಕರ ದೂರವಾಣಿ ಸಂಖ್ಯೆ ಒಮ್ಮೆ ಕಮಿಟ್ ಆದರೆ, ನಂತರ ಅಳಿಸಿದರೂ ಹಳೆಯ ಆವೃತ್ತಿಗಳಲ್ಲಿ ಇದ್ದೇ ಇರುತ್ತವೆ. ಅಂತಹ ವಿವರಗಳನ್ನು ರೆಪೊಸಿಟರಿಗೆ ಸೇರಿಸಲೇಬಾರದು.

ಕನ್ನಡದಲ್ಲಿಯೇ ಒಂದು ನಿದರ್ಶನ

ವಿ. ಕೃಷ್ಣ ಅವರು ದಶಕಗಳ ಕಾಲ ಸಂಕಲಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಡಿ ಲೋಕಾರ್ಪಣೆಗೊಂಡಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಇದರ ದತ್ತಾಂಶವು ಗಿಟ್‌ಹಬ್‌ನಲ್ಲಿ ಸರಳ ಪಠ್ಯರೂಪದಲ್ಲಿ ದೊರೆಯುತ್ತದೆ. ಒಬ್ಬರ ಜೀವಮಾನದ ದುಡಿಮೆಯನ್ನು ಹಲವರು ಬಳಸುವಂತೆ ತೆರೆದಿಟ್ಟ ಈ ಮಾದರಿಯು, ಮೂರು ಊರುಗಳ ಕಿರಿದಾದ ಪದಪಟ್ಟಿಗೂ ದಾರಿ ತೋರಬಲ್ಲದು.

ಸೌಕರ್ಯವಿಲ್ಲದಲ್ಲಿ

ಗಿಟ್ ಕಲಿಯಲು ಸಮಯ ಬೇಕು. ಅಲ್ಲಿಯವರೆಗೆ ಗೂಗಲ್ ಶೀಟ್ಸ್‌ನಲ್ಲಿರುವ ಆವೃತ್ತಿ ಇತಿಹಾಸದ ಸೌಲಭ್ಯವನ್ನು ಬಳಸಬಹುದು. ಗಣಕವೇ ಇಲ್ಲದಲ್ಲಿ ಒಂದು ನೋಟುಪುಸ್ತಕ ಸಾಕು: ದಿನಾಂಕ, ಹಿಂದಿನ ಪಾಠ, ಹೊಸ ಪಾಠ, ಕಾರಣ, ತಿದ್ದಿದವರು ಎಂಬ ಐದು ಅಂಕಣಗಳು. ಈ ಶಿಸ್ತು ರೂಢಿಯಾದರೆ ಸಾಧನವನ್ನು ಮುಂದೆ ಕಲಿಯುವುದು ಸುಲಭ.

ತರಬೇತಿಗಾಗಿ ಚಟುವಟಿಕೆ

1. ಮೂವರು ಶಿಕ್ಷಕರ ಗುಂಪು ಒಂದೇ ಪಾಠದಿಂದ ಇಪ್ಪತ್ತು ಪಾರಿಭಾಷಿಕ ಪದಗಳನ್ನು ಆರಿಸಿ, ತೆಲುಗು, ಇಂಗ್ಲಿಷ್, ಕನ್ನಡ ಮತ್ತು ಆಡುಮಾತಿನ ಅಂಕಣಗಳಲ್ಲಿ ಬರೆಯಲಿ.

2. ಪ್ರತಿಯೊಬ್ಬರೂ ಪಟ್ಟಿಯ ಪ್ರತಿಯೊಂದನ್ನು ಪ್ರತ್ಯೇಕವಾಗಿ ತಿದ್ದಿ, ಪ್ರತಿ ತಿದ್ದುಪಡಿಗೂ ಒಂದು ವಾಕ್ಯದ ಕಾರಣ ನೀಡಲಿ.

3. ಮೂರು ಪ್ರತಿಗಳನ್ನು ಕೂಡಿಸುವಾಗ ಎದುರಾದ ಭಿನ್ನತೆಗಳನ್ನು ಚರ್ಚಿಸಿ, ಕೈಬಿಟ್ಟ ಪದಗಳನ್ನೂ ಕಾರಣಸಹಿತ ದಾಖಲಿಸಲಿ.