ಅಂಜೂರದ ಅಂತರಂಗ

ಅತ್ತಿಯ ಹೂವನ್ನು ಕಂಡವರಿಲ್ಲವೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಉಂಟು. ಅತ್ತಿಯ ಹಣ್ಣನ್ನು ಬಿಡಿಸಿ ನೋಡಬಾರದೆಂಬ ಮಾತೂ ಉಂಟು. ಬಿಡಿಸಿದವರಿಗೆ ಒಳಗೆ ಕಾಣುವುದು ಹರಿದಾಡುವ ಹುಳುಗಳು. ಜೈನ ಶ್ರಾವಕರು ವರ್ಜಿಸುವ ಐದು ಉದುಂಬರ ಫಲಗಳಲ್ಲಿ ಅತ್ತಿಯೂ ಒಂದಾಗಿರುವುದು ಈ ಜೀವದಯೆಯ ಕಾರಣದಿಂದಲೇ. ಅಂಜೂರವಾದರೋ ಅತ್ತಿ, ಆಲ, ಅರಳಿಗಳ ದಾಯಾದಿ. ಹೀಗಿರುವಾಗ ತಟ್ಟೆಯ ಮೇಲಿನ ಅಂಜೂರವನ್ನು ಕೈಗೆತ್ತಿಕೊಂಡ ಗೃಹಿಣಿಯೊಬ್ಬಳು ಒಂದು ಕ್ಷಣ ತಡೆದು, “ಇದರೊಳಗೂ ಹುಳುವಿದೆಯೆ?” ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ.

ಈ ಪ್ರಶ್ನೆಗೆ ಉತ್ತರ ತಿಳಿಯದೆ ಕ್ಯಾಲಿಫೋರ್ನಿಯದ ತೋಟಗಾರರು ಸುಮಾರು ಇಪ್ಪತ್ತು ವರ್ಷ ಪರದಾಡಿದರು.

ಒಣ ಅಂಜೂರಗಳ ರಾಜನೆಂದರೆ ತುರ್ಕಿ ದೇಶದ ಸ್ಮಿರ್ನಾ ಅಂಜೂರ. 1880ರ ಸುಮಾರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದು ಅದರ ಸಾವಿರಾರು ಕಡ್ಡಿಗಳನ್ನು ಹಡಗಿನಲ್ಲಿ ತರಿಸಿ ತನ್ನ ಚಂದಾದಾರರಿಗೆ ಹಂಚಿತು. ಕಡ್ಡಿಗಳು ಚಿಗುರಿದವು, ಮರಗಳಾದವು, ಕಾಯಿಗಳೂ ಕಚ್ಚಿದವು. ಆದರೆ ಗೋಲಿಯ ಗಾತ್ರಕ್ಕೆ ಬರುವಷ್ಟರಲ್ಲಿ ಕಾಯಿಗಳೆಲ್ಲ ಸುಕ್ಕಿ ನೆಲಕ್ಕುದುರಿದವು. ಮರುವರ್ಷವೂ ಅದೇ ಕಥೆ. ಸ್ಮಿರ್ನಾದ ವರ್ತಕರು ತಮ್ಮ ವ್ಯಾಪಾರ ಕೆಡದಿರಲೆಂದು ಬೇಕೆಂದೇ ಕೆಲಸಕ್ಕೆ ಬಾರದ ಕಡ್ಡಿಗಳನ್ನು ಕಳುಹಿಸಿದ್ದಾರೆಂದು ತೋಟಗಾರರು ಹಲ್ಲು ಕಡಿದರು.

ಸ್ಮಿರ್ನಾದ ರೈತರು ಮಾಡುತ್ತಿದ್ದುದಾದರೂ ಏನು? ಪ್ರತಿವರ್ಷ ಬೇಸಗೆಯ ಮೊದಲಿಗೆ ಕಾಡು ಅಂಜೂರದ ಕಾಯಿಗಳನ್ನು ಮಾಲೆ ಪೋಣಿಸಿ ತೋಟದ ಮರಗಳಿಗೆ ತೂಗುಹಾಕುತ್ತಿದ್ದರು. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಗ್ರೀಕ್ ಪಂಡಿತ ಥಿಯೊಫ್ರಾಸ್ಟಸ್ ಈ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಗುಸ್ತಾವ್ ಐಸೆನ್ ಎಂಬ ವಿದ್ವಾಂಸನು, ಕಾಯಿ ನಿಲ್ಲಬೇಕಾದರೆ ಇದೇ ದಾರಿಯೆಂದು ಹೇಳಿದಾಗ ಕ್ಯಾಲಿಫೋರ್ನಿಯದವರು ಅದನ್ನು ರೈತರ ಮೂಢನಂಬಿಕೆಯೆಂದು ನಕ್ಕುಬಿಟ್ಟರು. ಹಳ್ಳಿಗರ ಆಚಾರವೆಂದೊಡನೆ ನಗುವ ಚಪಲ ಆ ದೇಶಕ್ಕೆ ಮಾತ್ರ ಮೀಸಲಲ್ಲವಷ್ಟೆ!

ರಹಸ್ಯ ಹಣ್ಣಿನ ಒಡಲಲ್ಲೇ ಇತ್ತು. ನಾವು ಹಣ್ಣೆನ್ನುವುದು ನಿಜವಾಗಿ ಒಂದು ಚೀಲ. ನೂರಾರು ಸಣ್ಣ ಹೂಗಳು ಅದರೊಳಗೇ ಮುಖಮಾಡಿ ಅರಳುತ್ತವೆ. ಅತ್ತಿಯ ಹೂವನ್ನು ಕಂಡವರಿಲ್ಲದಿರುವುದೂ ಇದರಿಂದಲೇ. ಚೀಲದ ತುದಿಯಲ್ಲಿ ಸೂಜಿಮೊನೆಯಷ್ಟು ಕಿರಿದಾದ ಬಾಗಿಲು. ಕಾಡು ಅಂಜೂರದಲ್ಲಿ ಸೊಳ್ಳೆಗಿಂತಲೂ ಚಿಕ್ಕದಾದ ಒಂದು ಜಾತಿಯ ಕಣಜ ಹುಟ್ಟುತ್ತದೆ. ಗಂಡಿಗೆ ರೆಕ್ಕೆಯಿಲ್ಲ, ಅದು ಹುಟ್ಟಿದ ಮನೆಯಲ್ಲೇ ಹೆಣ್ಣನ್ನು ಕೂಡಿ ಅಲ್ಲೇ ಸಾಯುತ್ತದೆ. ಹೆಣ್ಣು ಮೈಗೆಲ್ಲ ಪರಾಗ ಮೆತ್ತಿಕೊಂಡು ಹೊರಬಂದು, ಮೊಟ್ಟೆಯಿಡಲು ಇನ್ನೊಂದು ಎಳೆಗಾಯಿಯ ಬಾಗಿಲಲ್ಲಿ ನುಸುಳುತ್ತದೆ. ನುಸುಳುವಾಗ ರೆಕ್ಕೆಗಳು ಕಿತ್ತುಹೋಗುತ್ತವೆ. ಅದು ಹೊಕ್ಕುದು ಸ್ಮಿರ್ನಾ ಅಂಜೂರವಾದರೆ ಬಡಪಾಯಿ ಮೋಸಹೋದಂತೆಯೇ. ಅಲ್ಲಿನ ಹೂಗಳ ನಾಳ ಉದ್ದವಾಗಿದ್ದು ಮೊಟ್ಟೆ ಇಡಲಾಗದು. ಒಳಗೆ ತಿರುಗಾಡಿ ಸಾಯುತ್ತದೆ. ಆದರೆ ಅದು ತಂದ ಪರಾಗದಿಂದ ಬೀಜ ಕಟ್ಟಿ, ಕಾಯಿ ಮರದಲ್ಲಿ ನಿಲ್ಲುತ್ತದೆ.

ಫ್ರೆಸ್ನೋ ಊರಿನ ಜಾರ್ಜ್ ರೋಡಿಂಗ್ 1890ರಲ್ಲಿ ತನ್ನ ಕೈಯಿಂದಲೇ ಕೆಲವು ಕಾಯಿಗಳೊಳಕ್ಕೆ ಪರಾಗವನ್ನು ತೂರಿಸಿ ನೋಡಿದ. ಉಳಿದವು ಉದುರಿದವು, ಇವು ಹಣ್ಣಾದವು! ಇನ್ನು ಬೇಕಾದುದು ಕಣಜ. ದೂರ ಪ್ರಯಾಣದಲ್ಲಿ ಅದು ಬದುಕುವುದೇ ಕಷ್ಟ. ಕೊನೆಗೆ ಸರ್ಕಾರದ ಸಸ್ಯತಜ್ಞ ವಾಲ್ಟರ್ ಸ್ವಿಂಗಲ್, ಅಲ್ಜೀರಿಯದಿಂದ ಕಾಡು ಅಂಜೂರದ ಕಾಯಿಗಳನ್ನು ತವರದ ಹಾಳೆಯಲ್ಲಿ ಸುತ್ತಿ ಕಳುಹಿಸಿದ. 1899ರಲ್ಲಿ ಕಣಜ ರೋಡಿಂಗನ ತೋಟದಲ್ಲಿ ಬೀಡುಬಿಟ್ಟಿತು. ಆತ ತನ್ನ ಹಣ್ಣಿಗೆ ಕ್ಯಾಲಿಫೋರ್ನಿಯ, ಸ್ಮಿರ್ನಾ ಎರಡನ್ನೂ ಬೆಸೆದು ‘ಕ್ಯಾಲಿಮಿರ್ನಾ’ ಎಂದು ನಾಮಕರಣ ಮಾಡಿದ.

ಈಗ ಗೃಹಿಣಿಯ ಪ್ರಶ್ನೆಗೆ ಬರೋಣ. ಪುಣೆಯ ಅಂಜೂರಕ್ಕೆ ಕಣಜದ ಹಂಗಿಲ್ಲ. ಪರಾಗ ಸೋಕದೆಯೇ ಅದು ಹಣ್ಣಾಗುವ ಜಾತಿ. ಅದನ್ನು ನಿಶ್ಚಿಂತೆಯಿಂದ ತಿನ್ನಬಹುದು. ಸ್ಮಿರ್ನಾ ಜಾತಿಯಲ್ಲಿ ಕಣಜ ಹೊಕ್ಕಿರುವುದು ನಿಜ. ಆದರೆ ಹಣ್ಣಿನಲ್ಲಿರುವ ಫೈಸಿನ್ ಎಂಬ ದ್ರವ್ಯ ಅದರ ದೇಹವನ್ನು ಬಹುಮಟ್ಟಿಗೆ ಕರಗಿಸಿಬಿಡುತ್ತದೆ. ಅದನ್ನು ತಿನ್ನುವುದು ಬಿಡುವುದು ಅವರವರ ವ್ರತನಿಯಮಕ್ಕೆ ಸೇರಿದ್ದು.

ಬೆಳೆಯುವವರಿಗೆ ಅಂಜೂರ ಸುಲಭದ ಗಿಡ. ಬಲಿತ ಕಡ್ಡಿ ನೆಟ್ಟರೆ ಬೇರೂರುತ್ತದೆ. ಹಣ್ಣಾಗುವ ಕಾಲದಲ್ಲಿ ಮಾತ್ರ ಒಣಹವೆ ಬೇಕು, ಮಳೆ ಬಿದ್ದರೆ ಹಣ್ಣು ಬಿರಿಯುತ್ತದೆ. ಪುಣೆ ಜಿಲ್ಲೆಯ ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಮಾನ್ಯತೆ ದೊರಕಿತು. ಅಲ್ಲಿಯೂ ಬೇಸಗೆಯ ಫಸಲಿಗೇ ‘ಮೀಠಾ’ ಎಂಬ ಹೆಸರು, ಇನ್ನೊಂದು ‘ಖಟ್ಟಾ’. ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಮಿನ ಅಂಜೂರವೂ ಮೈಸೂರು ಸೀಮೆಯಲ್ಲಿ ಹೆಸರುಗೊಂಡದ್ದೇ. ಬಾಳೆಯಂತೆ ಕಾಯಿಯಾಗಿ ಕಿತ್ತು ಮನೆಯಲ್ಲಿ ಹಣ್ಣುಮಾಡುವ ಹಾಗಿಲ್ಲ. ಮರದಲ್ಲೇ ಮಾಗಬೇಕು, ಕಿತ್ತ ಮೇಲೆ ಒಂದೆರಡು ದಿನಗಳಲ್ಲಿ ಮುಗಿಯಬೇಕು. ಕೀಳುವಾಗ ಸುರಿಯುವ ಹಾಲು ಚರ್ಮಕ್ಕೆ ತಗುಲಿ ಬಿಸಿಲು ಬಿದ್ದರೆ ಬೊಬ್ಬೆ ಏಳುವುದುಂಟು, ಜೋಕೆ. ಅದೇ ಹಾಲಿನಿಂದ ಕರೆದ ಹಾಲನ್ನು ಒಡೆಸುವ ಕ್ರಮ ಹೋಮರನ ಕಾಲಕ್ಕೇ ಗ್ರೀಕರಲ್ಲಿತ್ತು.

ಅಡಿಗೆಮನೆಯಲ್ಲಿ ಒಣ ಅಂಜೂರಕ್ಕೇ ಹೆಚ್ಚು ಬೆಲೆ. ಹತ್ತು ಹನ್ನೆರಡನ್ನು ಬಿಸಿ ಹಾಲಿನಲ್ಲಿ ರಾತ್ರಿಯಿಡೀ ನೆನೆಯಿಟ್ಟು, ಬೆಳಿಗ್ಗೆ ತರಿತರಿಯಾಗಿ ರುಬ್ಬಿ, ದಪ್ಪತಳದ ಬಾಣಲೆಯಲ್ಲಿ ತುಪ್ಪ ಹಾಕಿ ಸಣ್ಣ ಉರಿಯಲ್ಲಿ ಕೆದಕುತ್ತಿರಬೇಕು. ಸಿಹಿ ಹಣ್ಣಿನಲ್ಲೇ ಇರುವುದರಿಂದ ಸಕ್ಕರೆ ಎರಡು ಚಮಚಕ್ಕಿಂತ ಹೆಚ್ಚು ಬೇಡ. ತಳ ಬಿಡುವಾಗ ಏಲಕ್ಕಿ, ಹುರಿದ ಬಾದಾಮಿ ಬೆರೆಸಿ ಇಳಿಸಿದರೆ ಹಲ್ವ ಸಿದ್ಧ. ತಿನ್ನುವಾಗ ಹಲ್ಲಿಗೆ ಸಿಕ್ಕಿ ಚಟಚಟನೆ ಒಡೆಯುವ ಬೀಜಗಳು ಗಟ್ಟಿಯಾಗಿದ್ದು, ನಾಲಗೆಗೆ ಒಂದಿಷ್ಟು ಎಣ್ಣೆಯ ಕಂಪು ಹತ್ತಿದರೆ, ಆ ಹಣ್ಣು ಕಣಜ ಹೊಕ್ಕು ಬೀಜ ಕಟ್ಟಿದ ಸ್ಮಿರ್ನಾ ಜಾತಿಯದೇ ಇರಬೇಕು.