ಕಡಮೆ ಕೊಂಡವರಿಗೆ ರಿಯಾಯಿತಿ

ಅಕ್ಕಿಯ ವರ್ತಕನೊಬ್ಬನು ತನ್ನ ಗಿರಾಕಿಗೆ, “ಈ ತಿಂಗಳು ನೀವು ನನ್ನಲ್ಲಿ ಕಡಮೆ ಕೊಂಡಿರಿ, ಅದಕ್ಕಾಗಿ ಇಗೋ, ಈ ಹಣ ನಿಮ್ಮದು” ಎಂದರೆ ಕೇಳಿದವರು ನಗದಿರುವರೆ? ಆದರೆ ಬೆಂಗಳೂರಿನ ವಿದ್ಯುತ್ ಸರಬರಾಜು ಕಂಪನಿಯು ಇಂತಹುದೇ ಒಂದು ಪದ್ಧತಿಯನ್ನು ಜಾರಿಗೆ ತಂದಿತು. ಮನೆಯ ಮಾಳಿಗೆಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಸೋಲಾರ್ ಹೀಟರನ್ನು ಇರಿಸಿದವರಿಗೆ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ, ಬಿಲ್ಲಿನಲ್ಲಿ ರಿಯಾಯಿತಿ ಗೊತ್ತಾಯಿತು. ತನ್ನ ಸರಕನ್ನು ಕೊಳ್ಳದವನಿಗೆ ಮಾರುವವನೇ ಹಣ ಕೊಡುವುದೇಕೆ?

ಉತ್ತರವು ನಮ್ಮ ಬಚ್ಚಲುಮನೆಯಲ್ಲಿಯೇ ಇದೆ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸಿನಷ್ಟು ಏರಿಸಲು ಸುಮಾರು 4.2 ಕಿಲೋಜೌಲ್ ಶಕ್ತಿ ಬೇಕು. 100 ಲೀಟರ್ ನೀರನ್ನು 20 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಬೇಕಾದರೆ 14,700 ಕಿಲೋಜೌಲ್ ಆಯಿತು. ವಿದ್ಯುತ್ತಿನ ಒಂದು ಯೂನಿಟ್ ಎಂದರೆ 3,600 ಕಿಲೋಜೌಲ್; ಆದುದರಿಂದ ಒಂದು ಸಂಸಾರದ ಒಂದು ದಿನದ ಸ್ನಾನಕ್ಕೆ ಸುಮಾರು 4 ಯೂನಿಟ್ ತಗಲುವುದು. ಇಷ್ಟೇ ವಿದ್ಯುತ್ತಿನಿಂದ 9 ವಾಟಿನ ಎಲ್‌ಇಡಿ ದೀಪವೊಂದನ್ನು ದಿನಕ್ಕೆ ಐದು ಗಂಟೆಯಂತೆ ಹೆಚ್ಚುಕಡಮೆ ಮೂರು ತಿಂಗಳು ಉರಿಸಬಹುದು!

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸ್ನಾನದ ಹೊತ್ತು ಎಲ್ಲರಿಗೂ ಒಂದೇ. ಬೆಳಗ್ಗೆ 50,000 ಮನೆಗಳಲ್ಲಿ 2 ಕಿಲೋವಾಟಿನ ಗೀಸರುಗಳನ್ನು ಒಮ್ಮೆಗೇ ಹಚ್ಚಿದರೆ 100 ಮೆಗಾವಾಟ್ ಬೇಕಾಗುವುದು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳಲ್ಲಿ ಒಂದೊಂದರ ಸಾಮರ್ಥ್ಯ 103.5 ಮೆಗಾವಾಟ್. ಎಂದರೆ, ಶರಾವತಿಯ ನೀರಿನಿಂದ ತಿರುಗುವ ಒಂದು ಮಹಾಯಂತ್ರವು ಈ ಹಂಡೆಗಳ ಸೇವೆಗೇ ಮೀಸಲಾಗಬೇಕು. ಆ ಎರಡು ಗಂಟೆಗಳ ಬೇಡಿಕೆಗಾಗಿ ಹೊಸ ಯಂತ್ರ, ಹೊಸ ತಂತಿಗಳನ್ನು ಹೂಡುವುದಕ್ಕಿಂತ ಬೇಡಿಕೆಯನ್ನೇ ತಗ್ಗಿಸಿದವನಿಗೆ ಒಂದಿಷ್ಟು ಬಿಟ್ಟುಕೊಡುವುದು ಕಂಪನಿಗೆ ಅಗ್ಗವೆಂಬುದು ಈಗ ಸ್ಪಷ್ಟವಷ್ಟೆ.

ಸೂರ್ಯನಾದರೋ ಈ ಕೆಲಸಕ್ಕೆ ಕೂಲಿಯನ್ನು ಕೇಳುವವನಲ್ಲ. ಬೆಂಗಳೂರಿನಲ್ಲಿ ಒಂದು ಚದರ ಮೀಟರಿನ ಮೇಲೆ ದಿನಕ್ಕೆ ಸರಾಸರಿ 5 ಯೂನಿಟ್ಟಿನಷ್ಟು ಬಿಸಿಲು ಬೀಳುವುದು. ಎರಡು ಚದರ ಮೀಟರಿನ ಕಪ್ಪು ತಗಡು ಅದನ್ನು ಹೀರುವುದು. ಮೇಲಿನ ಗಾಜು ಶಾಖವನ್ನು ಹೊರಹೋಗಗೊಡದು. ಕಾದ ನೀರು ಹಗುರಾಗಿ ತಾನಾಗಿಯೇ ಮೇಲಿನ ತೊಟ್ಟಿಗೆ ಏರುವುದು. ಬಿದ್ದ ಹತ್ತು ಯೂನಿಟ್ಟಿನಲ್ಲಿ ಅರ್ಧಕ್ಕಿಂತ ಕಡಮೆ ದಕ್ಕಿದರೂ ಸ್ನಾನಕ್ಕೆ ಸಾಕು.

ಹಾಗಾದರೆ ಎಲ್ಲರೂ ಇದನ್ನು ಏಕೆ ಕೊಳ್ಳುವುದಿಲ್ಲ? ಬೆಲೆಯನ್ನು ಒಂದೇ ದಿನ ತೆರಬೇಕು. ಉಳಿತಾಯವು ವರ್ಷಗಟ್ಟಲೆ ಹನಿಹನಿಯಾಗಿ ಬರುವುದು. ಈ ಅಂತರಕ್ಕೆ ಸೇತುವೆಯಾಗುವುದೇ ಸಹಾಯಧನದ ನಿಜವಾದ ಉದ್ದೇಶ. 2015ರಲ್ಲಿ ಆರಂಭವಾಗಿ ಅನಂತರ ‘ಉಜಾಲಾ’ ಎಂದು ಹೆಸರಾದ ಯೋಜನೆಯಲ್ಲಿ ಸರ್ಕಾರವು ಎಲ್‌ಇಡಿ ದೀಪಗಳನ್ನು ಒಟ್ಟಾಗಿ ಕೊಂಡಿತು. 2014ರಲ್ಲಿ 310 ರೂಪಾಯಿ ಇದ್ದ ಖರೀದಿಯ ಬೆಲೆ ಕೆಲವೇ ವರ್ಷಗಳಲ್ಲಿ 40 ರೂಪಾಯಿಗಿಂತ ಕೆಳಗಿಳಿಯಿತು. ಬಿಲ್ಲಿನೊಡನೆ ತಿಂಗಳಿಗೆ 10 ರೂಪಾಯಿಯ ಕಂತಿನಲ್ಲಿ ದೀಪದ ಬೆಲೆಯನ್ನು ತೀರಿಸುವ ಅನುಕೂಲವೂ ಇದ್ದಿತು. 2024ರ ಫೆಬ್ರವರಿಯಲ್ಲಿ ಘೋಷಿತವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು ಮಾಳಿಗೆಯ ಮೇಲೆ ವಿದ್ಯುತ್ತನ್ನೇ ಉತ್ಪಾದಿಸುವ ಫಲಕಗಳಿಗೆ ಒಂದು ಕಿಲೋವಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕೂ ಮೀರಿದುದಕ್ಕೆ 78,000 ರೂಪಾಯಿಗಳನ್ನು ಗೊತ್ತುಮಾಡಿತು.

ಆದರೂ ಸೇತುವೆ ಎಲ್ಲರ ಮನೆಯ ಬಾಗಿಲನ್ನು ಮುಟ್ಟುವುದಿಲ್ಲ. ಬಾಡಿಗೆಯ ಮನೆಯಲ್ಲಿ ಬಿಲ್ಲನ್ನು ತೆರುವವನು ಒಬ್ಬ, ಮಾಳಿಗೆಯ ಒಡೆಯ ಇನ್ನೊಬ್ಬ. ಹೀಗಿರಲು ಹಣ ಹೂಡುವವರಾರು? ಸೌದೆಯಿಂದ ಹಂಡೆಯನ್ನು ಕಾಯಿಸುವ ತಾಯಿಗೆ ಗೀಸರೂ ಇಲ್ಲ, ಬಿಲ್ಲಿನ ರಿಯಾಯಿತಿಯೂ ಇಲ್ಲ. ಕಣ್ಣಿಗೆ ಹೊಗೆ ಮಾತ್ರ ತಪ್ಪದು. ದೀಪದ ಕಂತು ಬಡವರ ಮನೆಯನ್ನೂ ಹೊಕ್ಕಿತು. ಬಿಸಿನೀರಿಗೂ ಅಂತಹ ದಾರಿಯನ್ನು ಕಂಡುಹಿಡಿಯುವುದು ಉಳಿದಿರುವ ಲೆಕ್ಕ.

ವಿದ್ಯಾರ್ಥಿಗಳು ಇಂದೇ ತಮ್ಮ ಮನೆಯ ಗೀಸರಿನ ಮೇಲೆ ಬರೆದಿರುವ ವಾಟ್ ಸಂಖ್ಯೆಯನ್ನು ನೋಡಿ, ಅದು ದಿನಕ್ಕೆ ಎಷ್ಟು ಹೊತ್ತು ಉರಿಯುವುದೆಂಬುದನ್ನು ಬರೆದುಕೊಳ್ಳಲಿ. ವಾಟನ್ನು ಗಂಟೆಗಳಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್ ದೊರೆಯುವುದು. ಮನೆಯ ಹಿರಿಯರ ಮುಂದೆ ಆ ಅಂಕಿಯನ್ನಿಟ್ಟು, ನಮ್ಮ ಮಾಳಿಗೆಯ ಮೇಲೆ ವ್ಯರ್ಥವಾಗುತ್ತಿರುವ ಬಿಸಿಲೆಷ್ಟು ಎಂದು ಕೇಳಿ ನೋಡಲಿ.